ಹಗುರ ಫಿರಂಗಿ ಬಂಡಿ: ತೂಕ ಇಳಿಸಿದರೆ ಏನು ಕಳೆದುಕೊಳ್ಳುತ್ತೇವೆ?

ಮಾಡೆಲ್‌ಪ್ರಿಯ:
ಫ್ರಾನ್ಸಿನ ಸೀಸರ್ ಫಿರಂಗಿಯ ಪುಟ್ಟ ಮಾಡೆಲ್ ಕಟ್ಟುತ್ತಿದ್ದೇನೆ. ಆರು ಚಕ್ರದ ಲಾರಿ, ಮೇಲೆ 155 ಮಿ.ಮೀ. (ನಳಿಗೆಯ ಒಳವ್ಯಾಸ) ಫಿರಂಗಿ, ಒಟ್ಟು ಸುಮಾರು 18 ಟನ್. ಜರ್ಮನಿಯ ಪಾಂಜರ್‌ಹೌಬಿಟ್ಸ 2000ದ್ದೂ ಅದೇ 155, ತೂಕ ಮಾತ್ರ ಸುಮಾರು 55 ಟನ್. 18ರಲ್ಲಿ ಮುಗಿಯುವ ಕೆಲಸಕ್ಕೆ ಅವರು ಅಷ್ಟು ಉಕ್ಕು ಯಾಕೆ ಹೊರುತ್ತಾರೆ?

ಗೇರ್‌ಬಾಕ್ಸ್:
ಮೊದಲು ಒದೆತದ ಲೆಕ್ಕ ನೋಡಿ. ಶೆಲ್ಲು ಸುಮಾರು 43 ಕಿಲೋ. ಸೆಕೆಂಡಿಗೆ 900 ಮೀಟರ್ ವೇಗದಲ್ಲಿ ಹೊರಟಿತು ಅಂದುಕೊಳ್ಳಿ. ನೆಲದ ಆಸರೆ ಇಲ್ಲದಿದ್ದರೆ 18 ಟನ್ನಿನ ಬಂಡಿ ಗಂಟೆಗೆ ಸುಮಾರು 8 ಕಿ.ಮೀ. ವೇಗದಲ್ಲಿ ಹಿಂದಕ್ಕೆ ಹೋಗುತ್ತದೆ. 55 ಟನ್ನಿನದು ಎರಡೂವರೆ ಕಿ.ಮೀ. ಅಷ್ಟೇ. ಮದ್ದಿನ ಅನಿಲದ ತಳ್ಳು ಇನ್ನೂ ಸೇರಿಸಿಲ್ಲ!

ಅದಕ್ಕೇ ಸೀಸರ್ ಹಿಂಭಾಗದಲ್ಲಿ ದೊಡ್ಡ ಸ್ಪೇಡ್, ಅಂದರೆ ಒದೆತ ತಡೆಯುವ ಸಲಿಕೆಯಂಥ ಉಕ್ಕಿನ ಆಸರೆ, ಇಳಿಸಿ ನೆಲಕ್ಕೆ ಊರುತ್ತದೆ. ನಳಿಗೆ ಎಡಕ್ಕೆ ಬಲಕ್ಕೆ ಸ್ವಲ್ಪವೇ ತಿರುಗುತ್ತದೆ. ಗುರಿ ಪಕ್ಕಕ್ಕೆ ಸರಿದರೆ ಸ್ಪೇಡ್ ಎತ್ತಿ ಲಾರಿಯನ್ನೇ ತಿರುಗಿಸಬೇಕು. ಜರ್ಮನ್ ಬಂಡಿಯ ಗೋಪುರ ಸುತ್ತಲೂ ತಿರುಗುತ್ತದೆ, ಸ್ಪೇಡೂ ಬೇಡ. ಸೀಸರ್ ಮೇಲೆ 18 ಶೆಲ್, ಜರ್ಮನ್ ಬಂಡಿಯಲ್ಲಿ 60.

ಅಮೆರಿಕದ ಎಂ56 ಸ್ಕಾರ್ಪಿಯನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ವಿಮಾನದಿಂದ ಇಳಿಸಬೇಕು ಅಂತ ಸುಮಾರು 7 ಟನ್ನಿಗೆ 90 ಮಿ.ಮೀ. ತೋಪು ಕೂರಿಸಿದರು. ಹೊಡೆದಾಗ ಮುಂಭಾಗ ನೆಲ ಬಿಟ್ಟು ಏಳುತ್ತಿತ್ತು. ಸಿಬ್ಬಂದಿಗೆ ಕವಚವೇ ಇರಲಿಲ್ಲ.

ಗಡಿನಾಡು:
ಸರ್, ಆದರೆ ಹಗುರ ಅಂದ್ರೆ ಬೇಗ ಜಾಗ ಬಿಡಬಹುದು, ಅಲ್ವಾ? ಸೀಸರ್ ಒಂದು ನಿಮಿಷದೊಳಗೆ ಸಿದ್ಧವಾಗುತ್ತದೆ. ಎದುರಾಳಿಯ ರಾಡಾರ್ ಜಾಗ ಹಿಡಿದು ತಿರುಗಿ ಹೊಡೆಯುವಷ್ಟರಲ್ಲಿ ಹೊರಟಿರುತ್ತದೆ. ರಸ್ತೆಯಲ್ಲಿ ತಾನೇ ಓಡುತ್ತದೆ, ಟ್ರೈಲರ್ ಬೇಡ. ನಮ್ಮ ಸೇನೆಯ 50 ಟನ್ನಿನ ಫಿರಂಗಿ ಬಂಡಿ ಕೆ9 ವಜ್ರವನ್ನು ಲಡಾಖಿಗೆ ಸಾಗಿಸುವುದು ಸುಲಭದ ಕೆಲಸವಲ್ಲ.

ಗೇರ್‌ಬಾಕ್ಸ್:
ಒಪ್ಪುತ್ತೇನೆ, ಬೆಟ್ಟದ ರಸ್ತೆಗೆ ತೂಕವೇ ಮೊದಲ ಪ್ರಶ್ನೆ. ಆದರೆ ಫಿರಂಗಿಯನ್ನು ಒಂಟಿಯಾಗಿ ತೂಗಬೇಡಿ. ಅಮೆರಿಕದ ಹಳೆಯ ಫಿರಂಗಿ ಬಂಡಿ ಎಂ107 ನೋಡಿ. ವಿಮಾನದಲ್ಲಿ ಸಾಗಿಸುವ ಆಸೆಗೆ ಅದರ ಮೇಲೆ ಉಳಿದದ್ದು ಎರಡೇ ಶೆಲ್. ತಂಡದ 13 ಜನರಲ್ಲಿ ಐವರಿಗೆ ಮಾತ್ರ ಜಾಗ. ಉಳಿದವರೂ ಶೆಲ್ಲುಗಳೂ ಇನ್ನೊಂದು ವಾಹನದಲ್ಲಿ ಹಿಂದೆ ಬರಬೇಕು. ಅದರ ತೂಕ ಯಾರ ಲೆಕ್ಕಕ್ಕೆ?

ಇನ್ನು ಉಕ್ರೇನಿನಲ್ಲಿ ಫಿರಂಗಿ ಹುಡುಕುವುದು ರಾಡಾರ್ ಮಾತ್ರವಲ್ಲ. ರಷ್ಯಾದ ಲ್ಯಾನ್ಸೆಟ್ ಡ್ರೋನ್ ಜಾಗ ಬಿಟ್ಟ ಬಂಡಿಯನ್ನೂ ಹಿಂಬಾಲಿಸುತ್ತದೆ. ಸೀಸರಿನಲ್ಲಿ ಶೆಲ್ ತುಂಬುವವರು ಹೊರಗೆ, ಬಯಲಿನಲ್ಲಿ ನಿಂತಿರುತ್ತಾರೆ. ಆ ಹುಡುಗರ ತಲೆಗೆ ಒಂದು ಮರೆ ಸಿಗುವುದಾದರೆ ನಾನು ಐದಾರು ಟನ್ ಜಾಸ್ತಿ ಹೊರಲು ಸಿದ್ಧ. ಸ್ವೀಡನ್ನಿನ ಆರ್ಚರ್ ಆ ದಾರಿ ಹಿಡಿದಿದೆ. ಸಿಬ್ಬಂದಿ ಕವಚದ ಕ್ಯಾಬಿನ್‌ನಲ್ಲೇ ಕೂತಿರುತ್ತಾರೆ, 21 ಶೆಲ್ಲನ್ನು ಯಂತ್ರವೇ ತುಂಬುತ್ತದೆ. ತೂಕ 30 ಟನ್ ದಾಟಿತು, ಇರಲಿ.

ಮಾಡೆಲ್‌ಪ್ರಿಯ:
ಎಂಟು ಚಕ್ರದ ಸೀಸರಿನಲ್ಲಿ ಈ ಕೊರತೆ ನೀಗಿದೆಯಾ?

ಗೇರ್‌ಬಾಕ್ಸ್:
ಅರ್ಧ ಮಾತ್ರ. ಶೆಲ್ 36ಕ್ಕೆ ಏರಿತು, ತೂಕವೂ 30 ಟನ್ನಿನ ಹತ್ತಿರ ಬಂತು. ಡೆನ್ಮಾರ್ಕ್ 2023ರಲ್ಲಿ ತನ್ನ 19 ಬಂಡಿಗಳನ್ನೂ ಉಕ್ರೇನಿಗೆ ಕೊಟ್ಟಿದ್ದು ಇದೇ ಮಾದರಿ. ಗೋಪುರ ಅದಕ್ಕೂ ಇಲ್ಲ.