ಪದಚರ್ಚೆ: ರಸ್ತೆ ಯೋಜನೆಗಳ ‘ಮಾನಿಟರಿಂಗ್’ – ನಿಗಾ ಸಾಕೇ?

ಎಲ್ಲರಿಗೂ ನಮಸ್ಕಾರ.

ಕರಾವಳಿಯ ಪಂಚಾಯಿತಿ ಸದಸ್ಯರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹೆದ್ದಾರಿ ಅಗಲ ಮಾಡುವಾಗ ಊರಿಗೆ, ಗುಡ್ಡಕ್ಕೆ, ಹಳ್ಳಕ್ಕೆ ಏನಾಗುತ್ತಿದೆ ಎಂದು ಆಗಾಗ ನೋಡಿ, ಅಳೆದು, ಬರೆದಿಡುವ ಕೆಲಸಕ್ಕೆ ಯಾವ ಪದ ಹಾಕಲಿ?

ಕಚೇರಿ ಕಾಗದಗಳಲ್ಲಿ ಮೇಲ್ವಿಚಾರಣೆ, ಉಸ್ತುವಾರಿ ಎರಡೂ ಬರುತ್ತವೆ. ಮೇಲ್ವಿಚಾರಣೆ ಎಂದರೆ ಜಲ್ಲಿ ಎಷ್ಟು ಬಿತ್ತು, ಮೋರಿ ಸರಿಯಾಗಿ ಕೂತಿದೆಯೇ ಎಂದು ಎಂಜಿನಿಯರ್ ನೋಡುವುದು. ಉಸ್ತುವಾರಿಯಲ್ಲಿ ಕೆಲಸದ ಹೊಣೆಯೇ ಇದೆ, ಜಿಲ್ಲಾ ಉಸ್ತುವಾರಿ ಸಚಿವರ ಹಾಗೆ. ಕೆಲಸ ಮಾಡಿಸುವವರೇ ಅದರ ಹಾನಿಯನ್ನೂ ಅಳೆದರೆ ಅಳತೆ ಹೇಗೆ ಬರುತ್ತದೆಂದು ಹೇಳಬೇಕಿಲ್ಲ.

ನನ್ನ ಒಲವು ‘ನಿಗಾ’ ಕಡೆಗೆ. ತೀವ್ರ ನಿಗಾ ಘಟಕದಲ್ಲಿ ಹೊತ್ತುಹೊತ್ತಿಗೆ ಬಿಪಿ ನೋಡಿ ಬರೆದುಕೊಳ್ಳುತ್ತಾರಲ್ಲ, ಇಲ್ಲಿ ಬೇಕಿರುವುದೂ ಅದೇ. ಕಾನೂನು ಕೇಳುವುದೂ ಹೀಗೆ ಆಗಾಗ ಬರೆದುಕೊಡುವುದನ್ನೇ: 2006ರ ಪರಿಸರ ಅಧಿಸೂಚನೆಯಡಿ ಅನುಮತಿ ಪಡೆದ ಯೋಜನೆಯವರು ಪ್ರತಿವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಷರತ್ತು ಪಾಲನೆಯ ವರದಿ ಕೊಡಬೇಕು. ಆದರೆ ‘ನಿಗಾ ಇಡು’ ಎಂದೊಡನೆ ರೌಡಿಪಟ್ಟಿ ನೆನಪಾಗುತ್ತದೆ ಎಂದು ಗೆಳೆಯರೊಬ್ಬರ ತಕರಾರು.

‘ಇಂಪ್ಯಾಕ್ಟ್’ ಎಂಬುದಕ್ಕೆ ‘ಪರಿಣಾಮ’ವೋ ‘ಪ್ರಭಾವ’ವೋ ಎಂಬ ಜಗಳ ಬೇಡ. ಪ್ರಭಾವ ಬೀರುವವರು ಶಾಸಕರು. ರಸ್ತೆಯಿಂದ ಆಗುವುದು ಪರಿಣಾಮ.

ನಿಜವಾದ ತೊಡಕು ತೊಂದರೆಗೆ ಸಿಕ್ಕವರನ್ನು ಏನೆನ್ನಬೇಕು ಎಂಬಲ್ಲಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಜರಿದು ರಸ್ತೆಬದಿಯ ಚಹಾ ಅಂಗಡಿ ಕೊಚ್ಚಿಹೋಯಿತು. ಮಣ್ಣು ಗಂಗಾವಳಿ ನದಿಗೆ ಬಿದ್ದ ರಭಸಕ್ಕೆ ನೀರು ಉಕ್ಕಿ, ಆಚೆ ದಡದ ಉಳುವರೆಯ ಮನೆಗಳಿಗೆ ನುಗ್ಗಿತು. ಹೆದ್ದಾರಿ ಇರುವುದು ಈಚೆ ದಡದಲ್ಲಿ. ‘ಭೂಮಿ ಕಳೆದುಕೊಂಡವರು’ ಎಂದು ಬರೆದರೆ ಉಳುವರೆಯಂಥ ಊರಿನವರು ಪಟ್ಟಿಯಿಂದಲೇ ಹೊರಗೆ. ‘ಸಂತ್ರಸ್ತರು’ ಎಂದರೆ ಅನಾಹುತ ಆಗಿಹೋದ ಮೇಲಿನ ಮಾತು. ನಿಗಾ ಶುರುವಾಗಬೇಕಾದದ್ದು ಅದಕ್ಕೂ ಮೊದಲು. ‘ಬಾಧಿತರು’ ಅರ್ಥಕ್ಕೆ ಹೊಂದುತ್ತದೆ, ಆದರೆ ಗ್ರಾಮಸಭೆಯಲ್ಲಿ ಯಾರೂ ಆಡುವ ಮಾತಲ್ಲ. 2013ರ ಭೂಸ್ವಾಧೀನ ಕಾಯ್ದೆಯಲ್ಲಿರುವ ‘ಬಾಧಿತ ಕುಟುಂಬ’ದ ವ್ಯಾಖ್ಯೆಯಲ್ಲಿ ಗೇಣಿದಾರರು, ಕುಶಲಕರ್ಮಿಗಳೂ ಸೇರುತ್ತಾರೆ. ಆಚೆ ದಡದವರಿಗೆ ಅಲ್ಲೂ ಜಾಗ ಕಾಣೆ.

ಇನ್ನೊಂದು ಸಣ್ಣ ವಿಷಯ. ರಸ್ತೆಗಾಗಿ ಗುಡ್ಡ ಕಡಿದಾಗ ನಿಲ್ಲುವ ಕಡಿದಾದ ಮಣ್ಣಿನ ಗೋಡೆಗೆ ನಮ್ಮ ಕಡೆ ‘ಧರೆ’ ಎನ್ನುತ್ತೇವೆ. ಮೂಲದಲ್ಲಿ ‘ಇಳಿಜಾರು’ ಎಂಬರ್ಥದ ಪದವಿದೆ. ನಾನು ‘ಧರೆ’ಯನ್ನೇ ಇಟ್ಟಿದ್ದೇನೆ. ಬಯಲುಸೀಮೆಯವರಿಗೆ ಇದು ‘ಭೂಮಿ’ ಎಂದು ಕೇಳಿಸೀತೇ? ಕೆಲಸ ಶುರುವಾಗುವ ಮೊದಲಿನ ಅಳತೆಗೆ ‘ಪೂರ್ವಸ್ಥಿತಿ’ ಸಾಕೇ, ಅದನ್ನೂ ತಿಳಿಸಿ. ಕರಡು ಈ ತಿಂಗಳೇ ಅಚ್ಚಿಗೆ ಹೋಗಬೇಕು.