ಪ್ರಶ್ನೋತ್ತರ: ನೆರೆಹೊರೆಯ ಶಾಲೆ, ಶಾಲಾ ಬಸ್ಸು ಮತ್ತು ಪೋಷಕರ ಆಯ್ಕೆ

ನಿರ್ವಾಹಕರು: 2025-26ನೇ ಸಾಲಿನ ಶಾಲೆಗಳು ತೆರೆದು ಮೂರನೆಯ ವಾರ ನಡೆಯುತ್ತಿದೆ. ಗುಂಪಿನಲ್ಲಿ ದಿನವೂ ಒಂದೇ ಬಗೆಯ ಪ್ರಶ್ನೆಗಳು ಬರುತ್ತಿರುವುದರಿಂದ, ಬೆಂಗಳೂರಿನಲ್ಲಿ ಶಿಕ್ಷಣಕ್ಕೆ ಸಂಬಂಧಿಸಿದ ಪ್ರಕರಣಗಳನ್ನು ನಡೆಸುವ ನಮ್ಮ ವಕೀಲ ಸದಸ್ಯೆಯೊಬ್ಬರು ಈ ಶನಿವಾರ ಮತ್ತು ಭಾನುವಾರ ಉತ್ತರಿಸಲು ಒಪ್ಪಿದ್ದಾರೆ. ಶಾಲೆಗಳ ಹೆಸರನ್ನು ಬರೆಯಬೇಡಿ. ಬೇರೆ ಗುಂಪಿನಿಂದ ಬಂದ ಸಂದೇಶಗಳನ್ನು ಹಾಗೆಯೇ ಇಲ್ಲಿಗೆ ತಂದು ಹಾಕಬೇಡಿ.

ಸದಸ್ಯೆ, ವಿಜಯನಗರ: ನಮಸ್ಕಾರ ಮೇಡಂ. ನಮ್ಮ ಮನೆಯಿಂದ ನಾನೂರು ಮೀಟರ್ ದೂರದಲ್ಲಿ ಒಂದು ಖಾಸಗಿ ಶಾಲೆಯಿದೆ. ಒಂದನೇ ತರಗತಿಗೆ ಸೀಟಿಲ್ಲ ಎಂದು ನಮ್ಮನ್ನು ಕಳುಹಿಸಿದರು. ಅದೇ ಶಾಲೆಯ ಬಸ್ಸು ಕೆಂಗೇರಿಯಿಂದ ಮಕ್ಕಳನ್ನು ತುಂಬಿಕೊಂಡು ಪ್ರತಿದಿನ ನಮ್ಮ ಬಾಗಿಲ ಮುಂದೆಯೇ ಹಾದುಹೋಗುತ್ತದೆ. ನೆರೆಹೊರೆಯವರಿಗೆ ಮೊದಲ ಹಕ್ಕು ಎಂಬ ನಿಯಮ ಇಲ್ಲವೇ?

ವಕೀಲರು: ನಮಸ್ಕಾರ. ಶುಲ್ಕ ಕಟ್ಟಿ ಸೇರುವ ಖಾಸಗಿ ಸೀಟಿಗೆ ಅಂಥ ನಿಯಮವಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ನೆರೆಹೊರೆಯ ಶಾಲೆ ಎಂಬುದು ಸರ್ಕಾರದ ಹೊಣೆಯನ್ನು ಹೇಳುವ ಮಾತು. ಮಗುವಿನ ನಡಿಗೆಯ ಅಳತೆಯೊಳಗೆ ಶಾಲೆ ಇರುವಂತೆ ಸರ್ಕಾರ ನೋಡಿಕೊಳ್ಳಬೇಕು ಎಂಬುದಷ್ಟೇ ಅದರ ಅರ್ಥ. ಆದರೆ ನಿಮ್ಮ ಮಗುವನ್ನೋ ನಿಮ್ಮನ್ನೋ ಕೂರಿಸಿ ಪರೀಕ್ಷೆ ಅಥವಾ ಸಂದರ್ಶನ ನಡೆಸಿ ತಿರಸ್ಕರಿಸಿದ್ದರೆ ಅದು 13ನೇ ಕಲಮಿನ ಉಲ್ಲಂಘನೆ. ಮೊದಲ ಸಲಕ್ಕೆ 25,000 ರೂಪಾಯಿವರೆಗೆ, ಆಮೇಲಿನ ಪ್ರತಿ ಸಲಕ್ಕೆ 50,000 ರೂಪಾಯಿವರೆಗೆ ದಂಡವಿದೆ. ಹಾಗೇನಾದರೂ ನಡೆದಿದ್ದರೆ ತಿಳಿಸಿ.

ಸದಸ್ಯರು, ಕೆ.ಆರ್. ಪುರ: ಮೇಡಂ, ಖಾಸಗಿ ಶಾಲೆಯಲ್ಲಿ ಶೇಕಡ 25ರಷ್ಟು ಉಚಿತ ಸೀಟು ನಮಗೇಕೆ ಸಿಗುತ್ತಿಲ್ಲ? ನಮ್ಮ ಅಣ್ಣನ ಮಗನಿಗೆ 2017ರಲ್ಲಿ ಸಿಕ್ಕಿತ್ತು.

ವಕೀಲರು: 2019ರ ಜನವರಿಯಲ್ಲಿ ರಾಜ್ಯದ ನಿಯಮ ಬದಲಾಯಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ, ಅಲ್ಲಿನ ಅನುದಾನರಹಿತ ಖಾಸಗಿ ಶಾಲೆ ಈ ಉಚಿತ ಸೀಟುಗಳನ್ನು ಹೇಳುವ 12(1)(ಸಿ) ಕಲಮಿನಡಿ ಮಕ್ಕಳನ್ನು ಸೇರಿಸಿಕೊಳ್ಳಬೇಕಾಗಿಲ್ಲ. ಅದೇ ವರ್ಷದ ಮೇ 31ರಂದು ಕರ್ನಾಟಕ ಹೈಕೋರ್ಟ್ ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು. ನಿಮ್ಮ ಅಣ್ಣನ ಮಗ ಸೇರಿದ್ದು ಅದಕ್ಕೆ ಮೊದಲು.

ಸದಸ್ಯೆ, ಬನಶಂಕರಿ: ಮಗಳಿಗೆ ಜೂನ್ 1ಕ್ಕೆ ಐದು ವರ್ಷ ಏಳು ತಿಂಗಳು. ಒಂದನೇ ತರಗತಿಗೆ ಸೇರಿಸಬಹುದೇ?

ವಕೀಲರು: ಸೇರಿಸಬಹುದು. 2025-26ನೇ ಸಾಲಿಗೆ ಮಾತ್ರ, ಯುಕೆಜಿ ಮುಗಿಸಿದ ಮಕ್ಕಳಿಗೆ, 5 ವರ್ಷ 5 ತಿಂಗಳು ಸಾಕು ಎಂಬ ಸಡಿಲಿಕೆ ಇದೆ.

ಸದಸ್ಯರು, ಮಾರತ್ತಹಳ್ಳಿ: ಎಲ್ಲರೂ ದಯವಿಟ್ಟು ಗಮನಿಸಿ. ಈ ಸಂದೇಶ ನನಗೆ ಮೂರು ಕಡೆಯಿಂದ ಬಂದಿದೆ. “ಮನೆಯಿಂದ 1 ಕಿ.ಮೀ. ಒಳಗಿನ ಯಾವುದೇ ಶಾಲೆ ಸೀಟು ನಿರಾಕರಿಸಿದರೆ 1 ಲಕ್ಷ ರೂಪಾಯಿ ದಂಡ. ಸುಪ್ರೀಂ ಕೋರ್ಟ್ 2024ರಲ್ಲಿ ಆದೇಶಿಸಿದೆ. ಬಾಡಿಗೆ ಕರಾರು ಪತ್ರದಲ್ಲಿ ಶಾಲೆಯ ಹತ್ತಿರದ ವಿಳಾಸ ಹಾಕಿಸಿ, ಈ ನಮೂನೆಯನ್ನು ತುಂಬಿ ಕೊಡಿ.” ಇದು ಉಪಯೋಗಕ್ಕೆ ಬರುತ್ತದೆಯೇ ಮೇಡಂ?

ವಕೀಲರು: ನಿರ್ವಾಹಕರು ಬೇಡವೆಂದದ್ದನ್ನು ಹಾಕಿದ್ದೀರಿ. ಹಾಕಿದ ಮೇಲೆ ಉತ್ತರಿಸದೆ ಬಿಟ್ಟರೆ ನಾಳೆ ನಾಲ್ಕು ಮಂದಿ ಇದನ್ನು ತುಂಬಿ ಕೊಡುತ್ತಾರೆ, ಆದ್ದರಿಂದ ಹೇಳುತ್ತೇನೆ. ಒಂದು ಲಕ್ಷದ ದಂಡ ಇರುವುದು ಮಾನ್ಯತೆ ಇಲ್ಲದೆ ಶಾಲೆ ನಡೆಸುವವರಿಗೆ. ಸೀಟು ಇಲ್ಲವೆಂದವರಿಗೆ ಅಲ್ಲ. 2024ರಲ್ಲಿ ನಡೆದದ್ದು ಮಹಾರಾಷ್ಟ್ರದ ವಿಷಯ. ಅಲ್ಲಿನ ಸರ್ಕಾರವೂ ನಮ್ಮಂಥದ್ದೇ ತಿದ್ದುಪಡಿ ತಂದಿತ್ತು, ಅದನ್ನು ಜುಲೈನಲ್ಲಿ ಬಾಂಬೆ ಹೈಕೋರ್ಟ್ ರದ್ದುಪಡಿಸಿತು, ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿನಲ್ಲಿ ಕೈಹಾಕಲಿಲ್ಲ. ಅಲ್ಲಿನ ನಿಯಮ ಬಿದ್ದಿತೆಂದು ಇಲ್ಲಿನ ನಿಯಮ ತಾನಾಗಿ ಬೀಳುವುದಿಲ್ಲ. ಇನ್ನು ಸುಳ್ಳು ಕರಾರು ಪತ್ರ. ವಾಸವಿಲ್ಲದ ಮನೆಯ ವಿಳಾಸಕ್ಕೆ ಕರಾರು ಮಾಡಿಸಿ ಕಚೇರಿಗೆ ಕೊಡುವುದು ಭಾರತೀಯ ನ್ಯಾಯ ಸಂಹಿತೆಯಡಿ ಅಪರಾಧವಾಗುತ್ತದೆ, ಮತ್ತು ಸಿಕ್ಕಿಬೀಳುವವರು ಸಂದೇಶ ಕಳುಹಿಸಿದವರಲ್ಲ, ಸಹಿ ಹಾಕಿದ ತಂದೆತಾಯಿ. ದಯವಿಟ್ಟು ಇದನ್ನು ಅಳಿಸಿ.

ಸದಸ್ಯೆ, ಯಲಹಂಕ: ಮೇಡಂ, ಇದು ನನ್ನ ಮಗುವಿನ ವಿಷಯವಲ್ಲ. ನಮ್ಮ ಮನೆಯಲ್ಲಿ ಕೆಲಸ ಮಾಡುವವರು ಯಾದಗಿರಿ ಕಡೆಯವರು. ಅವರ ಮಗಳಿಗೆ ಎಂಟು ವರ್ಷ, ಈಗ ಮೂರನೇ ತರಗತಿ. ಹೋದ ವರ್ಷದವರೆಗೆ ಅವರ ಶೆಡ್ಡಿನ ಹಿಂದಿನ ಬೀದಿಯಲ್ಲೇ ಚಿಕ್ಕ ಸರ್ಕಾರಿ ಶಾಲೆಯಿತ್ತು. ಮಕ್ಕಳು ಕಡಿಮೆ ಎಂದು ಈ ವರ್ಷ ಅದನ್ನು ಹೆದ್ದಾರಿಯ ಆಚೆಗಿನ ದೊಡ್ಡ ಶಾಲೆಯೊಂದಿಗೆ ಸೇರಿಸಿದ್ದಾರೆ. ನಕ್ಷೆಯಲ್ಲಿ ನೋಡಿದರೆ ಮುಕ್ಕಾಲು ಕಿಲೋಮೀಟರ್ ಮಾತ್ರ. ಆದರೆ ದಾಟಲು ಮೇಲ್ಸೇತುವೆ ಇರುವುದು ಬಹಳ ಮುಂದೆ, ಹಾಗಾಗಿ ಜನರು ಮಧ್ಯದ ಕಂಬಿಯ ಬೇಲಿಯನ್ನು ಬಾಗಿಸಿ ಅಲ್ಲಿಯೇ ನುಸುಳುತ್ತಾರೆ. ಶಾಲೆಯಲ್ಲಿ ಕೇಳಿದ್ದಕ್ಕೆ ಮಗುವನ್ನು ತಂದು ಬಿಡುವುದು ಪೋಷಕರ ಜವಾಬ್ದಾರಿ ಎಂದರಂತೆ. ಏನಾದರೂ ದಾರಿ ಇದೆಯೇ?

ವಕೀಲರು: ಇದು ನಿಜವಾದ ನೆರೆಹೊರೆಯ ಶಾಲೆಯ ಪ್ರಶ್ನೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಉಳಿದವರು ಕಾಯಬೇಕು.

ನಕ್ಷೆಯ ಮುಕ್ಕಾಲು ಕಿಲೋಮೀಟರನ್ನು ಒಪ್ಪಿಕೊಳ್ಳಬೇಡಿ. ಕಾಯ್ದೆಯಡಿ 2010ರಲ್ಲಿ ಬಂದ ಕೇಂದ್ರದ ನಿಯಮಗಳಲ್ಲಿ 6ನೇ ನಿಯಮವು ಒಂದರಿಂದ ಐದನೇ ತರಗತಿಗೆ 1 ಕಿ.ಮೀ., ಆರರಿಂದ ಎಂಟಕ್ಕೆ 3 ಕಿ.ಮೀ. ಎಂದು ಹೇಳುವಾಗ ನಡೆಯುವ ದೂರ ಎನ್ನುತ್ತದೆ. ಹಕ್ಕಿ ಹಾರುವ ದೂರ ಎನ್ನುವುದಿಲ್ಲ. ನಮ್ಮ ರಾಜ್ಯದ 2012ರ ನಿಯಮಗಳೂ ಇದೇ ಒಂದು ಮತ್ತು ಮೂರು ಕಿಲೋಮೀಟರಿನ ಲೆಕ್ಕವನ್ನು ಇಟ್ಟುಕೊಂಡಿವೆ. ಮೇಲ್ಸೇತುವೆಯವರೆಗೆ ಹೋಗಿ, ಹತ್ತಿ ಇಳಿದು, ಆಚೆಯ ಬದಿಯಲ್ಲಿ ಹಿಂದಕ್ಕೆ ನಡೆದು ಬರುವ ದಾರಿಯೇ ಆ ಮಗುವಿನ ದೂರ, ಬಾಗಿದ ಬೇಲಿಯ ದಾರಿಯಲ್ಲ. ಅದೇ 6ನೇ ನಿಯಮದಲ್ಲಿ ಹೆಚ್ಚಿನವರು ಓದದ ಇನ್ನೊಂದು ಮಾತಿದೆ. ಮನೆಯಿಂದ ಶಾಲೆಗೆ ಹೋಗುವ ದಾರಿಯಲ್ಲಿ ಚಿಕ್ಕ ಮಕ್ಕಳಿಗೆ ಅಪಾಯ ಇರುವ ಕಡೆ, ಆ ಅಪಾಯ ತಪ್ಪುವ ಹಾಗೆ ಈ ದೂರದ ಮಿತಿಯನ್ನೇ ಇಳಿಸಿ ಶಾಲೆಯ ಜಾಗವನ್ನು ಗೊತ್ತುಮಾಡಬೇಕು. ಗುಡ್ಡ ಕುಸಿಯುವ ಊರು, ನೆರೆ ಬರುವ ಊರುಗಳನ್ನು ನೆನೆದು ಬರೆದ ಮಾತು ಅದು, ಆದರೆ ವಾಹನಗಳು ನಿಲ್ಲದೆ ಹರಿಯುವ ಹೆದ್ದಾರಿ ಎಂಟು ವರ್ಷದ ಹುಡುಗಿಗೆ ನೆರೆ ಬಂದ ಹೊಳೆಗಿಂತ ಕಡಿಮೆಯೇನಲ್ಲ ಎಂದು ನಾನು ವಾದಿಸುತ್ತೇನೆ.

ಪೋಷಕರ ಜವಾಬ್ದಾರಿ ಎಂದು ಅವರು ಹೇಳಿರುವುದು 10ನೇ ಕಲಮನ್ನು ಮನಸ್ಸಿನಲ್ಲಿಟ್ಟುಕೊಂಡು ಇರಬಹುದು. ಮಗುವನ್ನು ಶಾಲೆಗೆ ಸೇರಿಸುವ ಕರ್ತವ್ಯವನ್ನು ಅದು ತಂದೆತಾಯಿಗೆ ಹೊರಿಸುತ್ತದೆ. ಶಾಲೆ ಕೈಗೆಟಕುವಲ್ಲಿ ಇರುವಂತೆ ನೋಡಿಕೊಳ್ಳುವ ಕರ್ತವ್ಯ 8 ಮತ್ತು 9ನೇ ಕಲಮಿನಡಿ ಸರ್ಕಾರದ್ದು ಮತ್ತು ಸ್ಥಳೀಯ ಪ್ರಾಧಿಕಾರದ್ದು. ವಲಸೆ ಬಂದವರ ಮಕ್ಕಳ ದಾಖಲಾತಿಯನ್ನು 9ನೇ ಕಲಮು ಬಿಡಿಸಿ ಹೇಳಿದೆ, ಆದ್ದರಿಂದ ಊರಿನ ಪಡಿತರ ಚೀಟಿ ಯಾದಗಿರಿಯದು ಎಂಬ ಮಾತು ಬಂದರೆ ಅದಕ್ಕೆ ಅಂಜಬೇಕಾಗಿಲ್ಲ.

ಈಗ ಮಾಡಬೇಕಾದ ಕೆಲಸ. ಮೇಲ್ಸೇತುವೆಯ ದಾರಿಯಲ್ಲಿ ಮಗುವಿನ ಜೊತೆ ನಡೆದು ದೂರವನ್ನೂ ಸಮಯವನ್ನೂ ಬರೆದುಕೊಳ್ಳಿ, ಬೆಳಿಗ್ಗೆ ಮತ್ತು ಸಂಜೆ ದಾಟುವ ಜಾಗದ ಫೋಟೊ ತೆಗೆಯಿರಿ. ಈಚೆಯ ಬದಿಯಲ್ಲಿ ಅದೇ ಶಾಲೆಗೆ ಸೇರಬೇಕಾದ ಇನ್ನೆಷ್ಟು ಮಕ್ಕಳಿದ್ದಾರೆಂದು ಪಟ್ಟಿ ಮಾಡಿ. ಒಂದು ಮಗುವಿನ ಅರ್ಜಿಯನ್ನು ಬದಿಗಿಡುವಷ್ಟು ಸುಲಭವಾಗಿ ಹದಿನೈದು ಮಕ್ಕಳ ಅರ್ಜಿಯನ್ನು ಬದಿಗಿಡಲಾರರು. ಅರ್ಜಿಯಲ್ಲಿ ಎರಡು ಬೇಡಿಕೆ ಇರಲಿ. ಹಳೆಯ ಕಟ್ಟಡದಲ್ಲಿ ಕೆಳ ತರಗತಿಗಳನ್ನು ಮುಂದುವರಿಸಬೇಕು. ಅದು ಆಗುವವರೆಗೆ ಮಕ್ಕಳನ್ನು ಕರೆದೊಯ್ಯಲು ವಾಹನವನ್ನೋ ಜೊತೆಗಾರರನ್ನೋ ಒದಗಿಸಬೇಕು. ಮುಖ್ಯ ಶಿಕ್ಷಕರಿಗೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರಿಗೆ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಪ್ರತಿಯೊಂದು ಕಡೆ ಮುದ್ರೆಯಿರುವ ಸ್ವೀಕೃತಿ ಪಡೆಯಿರಿ. 32ನೇ ಕಲಮಿನಡಿ ದೂರು ಕೊಟ್ಟರೆ ಸ್ಥಳೀಯ ಪ್ರಾಧಿಕಾರ ಮೂರು ತಿಂಗಳಲ್ಲಿ ತೀರ್ಮಾನಿಸಬೇಕು, ಅದರ ಮೇಲಿನ ಮನವಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಹೋಗುತ್ತದೆ. ಸಹಿ ತಾಯಿಯದೇ ಇರಬೇಕು, ನಿಮ್ಮದಲ್ಲ.

ಇಷ್ಟಕ್ಕೂ ಮೊದಲು ಒಂದು ಮಾತು ತಿಳಿಸಿ. ಮಗು ಈಗ ಶಾಲೆಗೆ ಹೋಗುತ್ತಿದೆಯೇ? ಹೋಗುತ್ತಿದ್ದರೆ ರಸ್ತೆ ದಾಟಿಸುವವರು ಯಾರು?

ಸದಸ್ಯರು, ಸರ್ಜಾಪುರ ರಸ್ತೆ: ನಮ್ಮ ಅಪಾರ್ಟ್‌ಮೆಂಟಿನ ಗೇಟಿನೊಳಗೆ ಶಾಲಾ ಬಸ್ಸು ಬರುವುದಿಲ್ಲ ಎನ್ನುತ್ತಿದ್ದಾರೆ. ವರ್ಷಕ್ಕೆ ಇಷ್ಟೊಂದು ಬಸ್ ಶುಲ್ಕ ಕಟ್ಟಿಯೂ ಗೇಟಿನವರೆಗೆ ನಡೆಯಬೇಕೇ?

ಸದಸ್ಯರು, ಮಾರತ್ತಹಳ್ಳಿ: ಅಮೆರಿಕದಲ್ಲಿ ಸರ್ಕಾರವೇ ಎಲ್ಲ ಮಕ್ಕಳಿಗೂ ಬಸ್ಸು ಕಳುಹಿಸುತ್ತದೆ. ಅಲ್ಲಿನ ಸುಪ್ರೀಂ ಕೋರ್ಟ್ 1971ರಲ್ಲೇ ಹೇಳಿದೆ. ಇಲ್ಲಿ ಕೇಳುವವರಿಲ್ಲ.

ನಿವೃತ್ತ ಶಿಕ್ಷಕಿ, ಬಸವನಗುಡಿ: 1971ರ ಆ ತೀರ್ಪು ಷಾರ್ಲಟ್ ನಗರದ್ದು, ಮತ್ತು ಅದು ಸೌಕರ್ಯದ ಬಸ್ಸನ್ನು ಕುರಿತದ್ದಲ್ಲ. ಕರಿಯರ ಮಕ್ಕಳು ಒಂದು ಶಾಲೆ, ಬಿಳಿಯರ ಮಕ್ಕಳು ಇನ್ನೊಂದು ಶಾಲೆ ಎಂಬ ಪದ್ಧತಿಯನ್ನು 1954ರಲ್ಲೇ ತಪ್ಪೆಂದ ಮೇಲೂ ಅದು ಹೋಗದಿದ್ದುದರಿಂದ, ಮಕ್ಕಳನ್ನು ಬೇರೆ ಬಡಾವಣೆಯ ಶಾಲೆಗೆ ಬಸ್ಸಿನಲ್ಲಿ ಕಳುಹಿಸಿ ಬೆರೆಸಬಹುದು ಎಂದು ನ್ಯಾಯಾಲಯ ಒಪ್ಪಿತು. 1974ರಲ್ಲಿ ಬಾಸ್ಟನ್ನಿನಲ್ಲಿ ಆ ಬಸ್ಸುಗಳ ಮೇಲೆ ಕಲ್ಲು ಬಿದ್ದವು. ಅದೇ ವರ್ಷ ಡೆಟ್ರಾಯಿಟಿನ ಪ್ರಕರಣದಲ್ಲಿ, ಸುತ್ತಲಿನ ಉಪನಗರಗಳ ಶಾಲೆಗಳನ್ನು ಈ ಬೆರಕೆಗೆ ಎಳೆದು ತರಲಾಗದು ಎಂದೂ ತೀರ್ಪಾಯಿತು. ಅನುಕೂಲವುಳ್ಳವರು ಹೋಗಿ ನೆಲೆಸಿದ್ದು ಹೆಚ್ಚಾಗಿ ಅಲ್ಲಿಯೇ. ನಮ್ಮಲ್ಲಿ ಮನೆ ಬದಲಿಸುವ ಶ್ರಮವೂ ಬೇಕಾಗಿಲ್ಲ. ಹಳದಿ ಬಸ್ಸೇ ಬೆಳಿಗ್ಗೆ ಬಂದು ನಮ್ಮ ಮಕ್ಕಳನ್ನು ಬೀದಿಯ ಶಾಲೆಯಿಂದ ದೂರ ಕರೆದೊಯ್ಯುತ್ತದೆ.

ಸದಸ್ಯರು, ಸರ್ಜಾಪುರ ರಸ್ತೆ: ಅಂದರೆ ನಾವು ದುಡಿದ ಹಣದಲ್ಲಿ ಮಕ್ಕಳಿಗೆ ಒಳ್ಳೆಯ ಶಾಲೆ ಆರಿಸುವುದು ತಪ್ಪು ಎನ್ನುತ್ತೀರಾ ಮೇಡಂ?

ನಿವೃತ್ತ ಶಿಕ್ಷಕಿ, ಬಸವನಗುಡಿ: ತಪ್ಪು ಎಂದು ನಾನು ಬರೆದಿಲ್ಲ. 1964–66ರ ಕೊಠಾರಿ ಆಯೋಗ ಎಲ್ಲ ವರ್ಗದ ಮಕ್ಕಳೂ ನೆರೆಹೊರೆಯ ಒಂದೇ ಸಾರ್ವಜನಿಕ ಶಾಲೆಯಲ್ಲಿ ಕಲಿಯಲಿ ಎಂದಿತ್ತು. ನಾವು ಯಾರೂ ಕೇಳಲಿಲ್ಲ. ಮಕ್ಕಳು ಕಡಿಮೆ ಎಂದು ಯಲಹಂಕದ ಆ ಶಾಲೆ ಮುಚ್ಚಿತಲ್ಲ, ಆ ಬೀದಿಯ ಉಳಿದ ಮಕ್ಕಳು ಎಲ್ಲಿ ಹೋದರು ಎಂದು ಯೋಚಿಸಿ ಸರ್.

ಸದಸ್ಯರು, ಸರ್ಜಾಪುರ ರಸ್ತೆ: ನಿಮ್ಮ ಮಕ್ಕಳು ಓದಿದ್ದು ಯಾವ ಶಾಲೆಯಲ್ಲಿ ಎಂಬುದನ್ನೂ ತಿಳಿಸಿ.

ನಿವೃತ್ತ ಶಿಕ್ಷಕಿ, ಬಸವನಗುಡಿ: ನಾನು ಪಾಠ ಮಾಡಿದ ಅನುದಾನಿತ ಕನ್ನಡ ಶಾಲೆಯಲ್ಲಿ. ಇನ್ನೇನಾದರೂ ತಿಳಿಯಬೇಕೇ?

ಸದಸ್ಯರು, ಕೆ.ಆರ್. ಪುರ: ಸರ್ಕಾರಿ ನೌಕರರ ಮಕ್ಕಳು ಸರ್ಕಾರಿ ಶಾಲೆಗೇ ಹೋಗಬೇಕು ಎಂದು ಹೈಕೋರ್ಟ್ ಆದೇಶವಿದೆ. ಅದನ್ನು ಜಾರಿ ಮಾಡಿಸಿದರೆ ಎಲ್ಲವೂ ಸರಿಹೋಗುತ್ತದೆ.

ವಕೀಲರು: ಅದು 2015ರ ಆಗಸ್ಟಿನಲ್ಲಿ ಅಲಹಾಬಾದ್ ಹೈಕೋರ್ಟ್ ಉತ್ತರ ಪ್ರದೇಶಕ್ಕೆ ಕೊಟ್ಟ ಆದೇಶ. ಕರ್ನಾಟಕಕ್ಕೆ ಅನ್ವಯಿಸುವುದಿಲ್ಲ. ಚರ್ಚೆಯನ್ನು ಬೇರೆ ಕಡೆ ನಡೆಸಿ, ಪ್ರಶ್ನೆಗಳು ಮೇಲೆ ಹೋಗಿ ಕಾಣದಾಗುತ್ತಿವೆ.

ಸದಸ್ಯೆ, ಪೀಣ್ಯ: ಬಸ್ ಶುಲ್ಕ ಬಾಕಿ ಇದೆ ಎಂದು ಖಾಸಗಿ ಶಾಲೆಯವರು ಟಿ.ಸಿ. ಕೊಡುತ್ತಿಲ್ಲ. ಮಗನನ್ನು ಸರ್ಕಾರಿ ಶಾಲೆಗೆ ಸೇರಿಸುವುದು ಹೇಗೆ?

ವಕೀಲರು: ಸೇರಿಸಿ. ಟಿ.ಸಿ. ತಡವಾಯಿತು ಎಂಬ ಕಾರಣಕ್ಕೆ ಸರ್ಕಾರಿ ಅಥವಾ ಅನುದಾನಿತ ಶಾಲೆ ದಾಖಲಾತಿಯನ್ನು ನಿಲ್ಲಿಸುವಂತಿಲ್ಲ; 5ನೇ ಕಲಮು ನೋಡಿ. ಬಾಕಿಯ ವಸೂಲಿ ಬೇರೆ ವಿಷಯ.

ಸದಸ್ಯರು, ಮಾರತ್ತಹಳ್ಳಿ: ಟಿ.ಸಿ. ಬೇಕಾಗಿಯೇ ಇಲ್ಲ. ಮಗು ಈವರೆಗೆ ಶಾಲೆಗೇ ಹೋಗಿಲ್ಲ ಎಂದು ಇಪ್ಪತ್ತು ರೂಪಾಯಿಯ ಛಾಪಾ ಕಾಗದದಲ್ಲಿ ಪ್ರಮಾಣ ಪತ್ರ ಬರೆದುಕೊಟ್ಟರೆ ಹೊಸದಾಗಿ ಸೇರಿಸಿಕೊಳ್ಳುತ್ತಾರೆ. ನಮ್ಮ ಪರಿಚಯದವರು ಹೀಗೆ ಮಾಡಿಸಿದ್ದಾರೆ.

ವಕೀಲರು: ಪೀಣ್ಯದವರು ಇದನ್ನು ಮಾಡಲೇಬೇಡಿ. ಮಗುವಿನ ಹೆಸರು ಇಲಾಖೆಯ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಾದ ಸ್ಯಾಟ್ಸ್‌ನಲ್ಲಿ ಈಗಾಗಲೇ ಇದೆ. ಸುಳ್ಳು ಹೇಳಿ ಎರಡನೆಯ ದಾಖಲೆ ಹುಟ್ಟಿಸಿದರೆ ಹತ್ತನೇ ತರಗತಿಯ ಪರೀಕ್ಷೆಯ ಹೊತ್ತಿಗೆ ಅದನ್ನು ಬಿಡಿಸಲು ನನ್ನಂಥವರ ಬಳಿಗೇ ಬರಬೇಕಾಗುತ್ತದೆ. ಮಾರತ್ತಹಳ್ಳಿಯವರೇ, ಇದು ನಿಮ್ಮ ಎರಡನೆಯ ಮದ್ದು. ನನ್ನ ಉತ್ತರ ಬೇಕೋ, ನಿಮ್ಮ ಪರಿಚಯದವರದು ಸಾಕೋ, ನಿರ್ಧರಿಸಿ.

ಸದಸ್ಯೆ, ನಾಗರಬಾವಿ: ನನ್ನ ಮಗನಿಗೆ ಸೆರೆಬ್ರಲ್ ಪಾಲ್ಸಿ ಇದೆ, ಶೇಕಡ 60 ಎಂದು ಪ್ರಮಾಣ ಪತ್ರವಿದೆ. ಪಕ್ಕದ ಶಾಲೆಯವರು ವಿಶೇಷ ಶಾಲೆಗೇ ಸೇರಿಸಿ ಎನ್ನುತ್ತಾರೆ.

ವಕೀಲರು: ಅದನ್ನು ತೀರ್ಮಾನಿಸಬೇಕಾದವರು ಅವರಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 31ನೇ ಕಲಮಿನ ಪ್ರಕಾರ, ಶೇಕಡ 40 ಅಥವಾ ಹೆಚ್ಚಿನ ಅಂಗವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ನೆರೆಹೊರೆಯ ಶಾಲೆಯಲ್ಲಾಗಲಿ, ವಿಶೇಷ ಶಾಲೆಯಲ್ಲಾಗಲಿ, ತನ್ನ ಆಯ್ಕೆಯಂತೆ ಉಚಿತ ಶಿಕ್ಷಣದ ಹಕ್ಕಿದೆ. ಈ ಗುಂಪಿನಲ್ಲಿ ಎಲ್ಲರೂ ಬಳಸುತ್ತಿರುವ ಆಯ್ಕೆ ಎಂಬ ಪದ ಕಾನೂನಿನ ಬಲದೊಂದಿಗೆ ನಿಂತಿರುವುದು ನಿಮ್ಮ ಮಗನ ಪಾಲಿಗೆ. ಅದೇ ಕಾಯ್ದೆಯ 16ನೇ ಕಲಮು ಸಾರಿಗೆಯ ವ್ಯವಸ್ಥೆಯ ಮಾತನ್ನೂ ಹೇಳುತ್ತದೆ. ನಿರಾಕರಣೆಯನ್ನು ಬರಹದಲ್ಲಿ ಕೇಳಿ. ಕೊಡದಿದ್ದರೆ ನನಗೆ ಪ್ರತ್ಯೇಕವಾಗಿ ಬರೆಯಿರಿ.

ಸದಸ್ಯೆ, ಹೆಗ್ಗನಹಳ್ಳಿ: ಮಗಳಿಗೆ ಐದು ವರ್ಷ ಆರು ತಿಂಗಳು. ಒಂದನೇ ತರಗತಿಗೆ ಆಗುತ್ತದೆಯೇ?

ವಕೀಲರು: ಆಗುತ್ತದೆ. ಮೇಲೆ ಉತ್ತರಿಸಿದ್ದೇನೆ.

ಸದಸ್ಯರು, ಉತ್ತರಹಳ್ಳಿ: ಶೇಕಡ 25ರ ಸೀಟಿನ ಬಗ್ಗೆ ಯಾರಾದರೂ ತಿಳಿಸುವಿರಾ?

ವಕೀಲರು: ಮೇಲೆ ಇದೆ. ಓದಿ.

ಸದಸ್ಯರು, ಬೊಮ್ಮನಹಳ್ಳಿ: ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಿಎಂಟಿಸಿ ಉಚಿತ, ನನ್ನ ಮಗನಿಗೆ ಮಾತ್ರ ಪಾಸು ಏಕೆ? ಇದು ತಾರತಮ್ಯವಲ್ಲವೇ?

ಸದಸ್ಯೆ, ವಿಜಯನಗರ: ಆ ಉಚಿತ ಬಸ್ಸಿನಿಂದಾಗಿ ಎಷ್ಟು ಹುಡುಗಿಯರು ಹೈಸ್ಕೂಲು ಬಿಡದೆ ಉಳಿದಿದ್ದಾರೆ ಎಂದು ಯಾವುದಾದರೂ ನಿಲ್ದಾಣದಲ್ಲಿ ಬೆಳಿಗ್ಗೆ ನಿಂತು ನೋಡಿ, ಆಮೇಲೆ ತಾರತಮ್ಯದ ಮಾತಾಡಿ.

ಸದಸ್ಯರು, ಬೊಮ್ಮನಹಳ್ಳಿ: ನಾನು ವಕೀಲರನ್ನು ಕೇಳಿದ್ದು, ನಿಮ್ಮನ್ನಲ್ಲ.

ನಿರ್ವಾಹಕರು: ಇಬ್ಬರೂ ನಿಲ್ಲಿಸಬೇಕಾಗಿ ವಿನಂತಿ.

ಸದಸ್ಯೆ, ಯಲಹಂಕ: ಮೇಡಂ, ತಾಯಿಯನ್ನು ಕೇಳಿದೆ. ಮಗು ಒಂಬತ್ತು ದಿನಗಳಿಂದ ಶಾಲೆಗೆ ಹೋಗಿಲ್ಲ. ಮೊದಲ ವಾರ ಪಕ್ಕದ ಶೆಡ್ಡಿನ ಹನ್ನೆರಡು ವರ್ಷದ ಹುಡುಗ ಕೈಹಿಡಿದು ದಾಟಿಸುತ್ತಿದ್ದನಂತೆ; ಒಂದು ದಿನ ಲಾರಿಯೊಂದು ಮೈಸವರಿಕೊಂಡು ಹೋದಂತೆ ಹೋಗಿದೆ, ಅಂದಿನಿಂದ ತಾಯಿ ಕಳುಹಿಸಿಲ್ಲ. ನಮ್ಮ ಮನೆಗೆ ಜೊತೆಯಲ್ಲಿ ಬರುತ್ತಿದ್ದದ್ದು ಶಾಲೆಗೆ ರಜೆ ಇರಬಹುದೆಂದು ನಾನು ತಿಳಿದಿದ್ದೆ.

ವಕೀಲರು: ಒಂಬತ್ತು ದಿನ ಬಹಳವಾಯಿತು. ಅರ್ಜಿ ಸೋಮವಾರ ಬೆಳಿಗ್ಗೆಯೇ ಹೋಗಬೇಕು, ಮತ್ತು ಅದರ ಮೊದಲ ಸಾಲಿನಲ್ಲಿಯೇ ಲಾರಿಯ ಘಟನೆಯೂ ಮಗು ಶಾಲೆಗೆ ಹೋಗದ ದಿನಗಳ ಲೆಕ್ಕವೂ ಇರಬೇಕು. ಕಚೇರಿಯ ತೀರ್ಮಾನವನ್ನು ಕಾಯುತ್ತ ಮಗುವನ್ನು ಮನೆಯಲ್ಲಿ ಉಳಿಸಬೇಡಿ. ಕೆಲಸದ ಹೊತ್ತನ್ನು ಒಂದು ಗಂಟೆ ಮುಂದೆ ಹಾಕಲು ನಿಮ್ಮಿಂದ ಸಾಧ್ಯವಾದರೆ, ತಾಯಿಯೇ ಮೇಲ್ಸೇತುವೆಯ ಮೇಲೆ ಕರೆದೊಯ್ದು ಬಿಟ್ಟು ಬರಬಹುದು. ಸಂಬಳ ಹಿಡಿಯದಿದ್ದರೆ ಎಂದೂ ಸೇರಿಸಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ.

ಸದಸ್ಯೆ, ಯಲಹಂಕ: ತಪ್ಪು ತಿಳಿಯಲಿಲ್ಲ ಮೇಡಂ. ಹೊತ್ತು ಬದಲಿಸಿದ್ದೇನೆ. ಇನ್ನೂ ಆರು ಮನೆಯವರು ಸಹಿ ಹಾಕಲು ಒಪ್ಪಿದ್ದಾರೆ. ಬರೆದ ಅರ್ಜಿಯನ್ನು ಇಲ್ಲಿ ಹಾಕಿದ್ದೇನೆ, ನೋಡುವಿರಾ?

ಸದಸ್ಯರು, ಸರ್ಜಾಪುರ ರಸ್ತೆ: ಗೇಟಿನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಎರಡು ದಿನಗಳಾದವು.

ವಕೀಲರು: ಯಲಹಂಕದವರೇ, ನೋಡಿದೆ. ಮೂರನೆಯ ಸಾಲಿನಲ್ಲಿ ದೂರವನ್ನು ಮತ್ತೆ ನಕ್ಷೆಯಿಂದಲೇ ಬರೆದಿದ್ದೀರಿ. ನಡೆದ ದೂರವನ್ನು ಹಾಕಿ. “ದಯಮಾಡಿ ಅನುಕೂಲ ಮಾಡಿಕೊಡಬೇಕು” ಎಂಬುದನ್ನು ತೆಗೆದು “6ನೇ ನಿಯಮದಂತೆ ಕ್ರಮ ಕೈಗೊಳ್ಳಬೇಕು” ಎಂದು ಬರೆಯಿರಿ. ಎರಡನೆಯ ಪುಟದಲ್ಲಿ ಆರು ಸಹಿಗಳಿವೆ, ತಾಯಿಯ ಸಹಿ ಕಾಣುತ್ತಿಲ್ಲ. ಹಾಕಿಸಿ ಮತ್ತೆ ಕಳುಹಿಸಿ, ರಾತ್ರಿ ಹತ್ತರವರೆಗೆ ಎದ್ದಿರುತ್ತೇನೆ.