ಓದುಗರ ಸ್ಪಂದನ: ಕರಾರು ಮುಗಿಯುವ ಮೊದಲೇ ಮನೆ ಬಿಡ್ತಾನಂತೆ

ಸೋಮವಾರಪೇಟೆ ಕಡೆಯ ತಾಯಿಯೊಬ್ಬರು ಕಳೆದ ಸಂಚಿಕೆಯಲ್ಲಿ ಬರೆದಿದ್ದರು: 24 ವರ್ಷದ ಮಗ ಬೆಂಗಳೂರಿನಲ್ಲಿ ಇಬ್ಬರು ಗೆಳೆಯರ ಜೊತೆ ಮನೆ ಹಿಡಿದಿದ್ದಾನೆ. 11 ತಿಂಗಳ ಕರಾರು, ಬಾಡಿಗೆ 27,000, ಅಡ್ವಾನ್ಸ್ 1,35,000. ಮೊದಲ ಆರು ತಿಂಗಳು ಬಿಡುವಂತಿಲ್ಲ ಎಂಬ ಷರತ್ತಿದೆ. ಆಫೀಸು ಊರಿನ ಇನ್ನೊಂದು ತುದಿಗೆ ಹೋಯಿತೆಂದು ಮೂವರೂ ನಾಲ್ಕನೇ ತಿಂಗಳ ಕೊನೆಗೇ ಬಿಡಲು ಹೊರಟಿದ್ದಾರೆ. ‘ಬಾಡಿಗೆ ನಿಲ್ಲಿಸ್ತೀನಿ, ಅಡ್ವಾನ್ಸಲ್ಲಿ ಮುರ್ಕೊಳ್ಳಲಿ’ ಎನ್ನುತ್ತಾನೆ ಮಗ. ಕಾಫಿ ಮಾರಿದ ದುಡ್ಡಲ್ಲಿ ಕಟ್ಟಿ ಮುಗಿಸೋಣ ಎನ್ನುತ್ತಾರೆ ಅಪ್ಪ. ಬೈಯದೆ, ಬೇಡದೆ, ಅವನಿಗೆ ಹೇಗೆ ತಿಳಿಹೇಳಲಿ? ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ಅಮ್ಮ, ನಮ್ಮನೆಯಲ್ಲೂ ಇದೇ ಆಗಿದೆ. ಮೈಸೂರಿನಲ್ಲಿ ಒಂದು ವರ್ಷಕ್ಕೆಂದು ಹಿಡಿದ ರೂಮನ್ನು ಮಗಳು ಐದೇ ತಿಂಗಳಿಗೆ ಬಿಡುತ್ತೇನೆಂದು ಹಟ ಹಿಡಿದಳು. ಕಾನೂನು ಹೇಳೋಣವೆಂದರೆ ನನಗೇ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಮೆಣಸಿನ ವಿಷಯ. ಅದರ ಹಿಂದಿನ ವರ್ಷ ಬಳ್ಳಿ ಮೇಲಿನ ಫಸಲನ್ನು ಗುತ್ತಿಗೆಗೆ ಕೊಟ್ಟಿದ್ದೆ. ಮುಂಗಡ ಕೊಟ್ಟು ಹೋದವನು ರೇಟು ಇಳಿದದ್ದೇ ಫೋನು ಎತ್ತಲಿಲ್ಲ. ಫೆಬ್ರವರಿ ಕಳೆದು ಮಾರ್ಚ್ ಬಂತು, ಕಾಳು ಹಣ್ಣಾಗಿ ಉದುರತೊಡಗಿತು. ಕಾಫಿ ಕೊಯ್ಲು ಮುಗಿಸಿದ ಕೆಲಸದವರು ಊರಿಗೆ ಹೊರಟಾಗಿತ್ತು. ಏಣಿ ಹತ್ತುವವರನ್ನು ಹುಡುಕಿಕೊಂಡು ನಾನು ಪಾಲಿಬೆಟ್ಟದವರೆಗೆ ಅಲೆದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

ಅದನ್ನೇ ನೆನಪಿಸಿ, ‘ಆ ಗುತ್ತಿಗೆಯವನು ಮಾಡಿದ್ದು ಸರಿಯಾ?’ ಅಂದೆ. ಗೆದ್ದೆ ಅಂದುಕೊಂಡೆ. ಅವಳು, ‘ಅಪ್ಪ, ಕೊನೆಗೆ ಬೇರೆಯವರನ್ನು ಹಿಡಿದು ಕೊಯ್ಯಿಸಿ ಮಾರಿದ್ರಲ್ಲ. ಅವನ ಮುಂಗಡ ಮಾತ್ರ ಪೂರ್ತಿ ಇಟ್ಕೊಂಡ್ರಿ. ನಿಜವಾಗಿ ಎಷ್ಟು ನಷ್ಟ ಆಯ್ತು ಅಂತ ಲೆಕ್ಕ ಹಾಕಿದ್ರಾ?’ ಅಂದಳು. ಹಾಕಿರಲಿಲ್ಲ. ಇಬ್ಬರೂ ಕೂತು ಹಾಕಿದೆವು. ನಷ್ಟ ಮುಂಗಡಕ್ಕಿಂತ ಕಡಿಮೆಯೇ ಇತ್ತು. ಅದೇ ಹಾಳೆ ಮಗುಚಿ ಅವಳ ರೂಮಿನ ಲೆಕ್ಕವನ್ನೂ ಬರೆದೆವು. ರೂಮು ಬಿಟ್ಟಳು, ಆದರೆ ಮಾಲೀಕರ ಎದುರು ಕೂತು ಮಾತಾಡಿ, ಒಂದು ತಿಂಗಳ ಬಾಡಿಗೆ ಬಿಟ್ಟುಕೊಟ್ಟು ಬಿಟ್ಟಳು. ಗುತ್ತಿಗೆಯವನಿಗೆ ಉಳಿದ ಹಣ ವಾಪಸ್ ಕೊಟ್ಟಿರಾ ಎಂದು ದಯವಿಟ್ಟು ಕೇಳಬೇಡಿ.
— ಬೆಳೆಗಾರ, ಸಿದ್ದಾಪುರ

*

ವಕೀಲನಾಗಿ ನಾಲ್ಕು ಮಾತು. ‘11 ತಿಂಗಳ ಕಾಗದ, ರಿಜಿಸ್ಟರ್ ಆಗಿಲ್ಲ, ಅದಕ್ಕೇನು ಬೆಲೆ’ ಎಂದು ಹುಡುಗರು ಹೇಳುವುದುಂಟು. 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಕರಾರಾದರೆ ನೋಂದಣಿ ಕಡ್ಡಾಯ. ಆ ಖರ್ಚು ತಪ್ಪಿಸಲೆಂದೇ 11 ತಿಂಗಳು. ಹಾಗೆಂದು ಹಾಕಿದ ಸಹಿಯ ಬೆಲೆ ಹೋಗುವುದಿಲ್ಲ. ಮೂವರೂ ಸಹಿ ಹಾಕಿದ್ದರೆ ಇನ್ನೂ ಜಾಗ್ರತೆ. 1872ರ ಕರಾರು ಕಾಯ್ದೆಯ 43ನೇ ಕಲಮಿನಂತೆ, ಕಾಗದದಲ್ಲಿ ಬೇರೆ ಮಾತಿಲ್ಲದಿದ್ದರೆ, ಮಾಲೀಕರು ಪೂರ್ತಿ ಬಾಕಿಯನ್ನು ಮೂವರಲ್ಲಿ ಯಾರೊಬ್ಬರಿಂದಲೂ ಕೇಳಬಹುದು. ಗೆಳೆಯರ ಪಾಲನ್ನು ಆಮೇಲೆ ವಸೂಲು ಮಾಡಿಕೊಳ್ಳುವ ತಲೆನೋವು ನಿಮ್ಮ ಮಗನದು.

ಅವನ ಪರವಾದ ಮಾತೂ ಇದೆ. ಅದೇ ಕಾಯ್ದೆಯ 74ನೇ ಕಲಮಿನಂತೆ ಕರಾರಿನಲ್ಲಿ ಬರೆದ ದಂಡದ ಮೊತ್ತ ಮೇಲ್ಮಿತಿ ಮಾತ್ರ. ಕೋರ್ಟು ಅದರೊಳಗೆ ನ್ಯಾಯವೆನಿಸಿದಷ್ಟನ್ನು ಕೊಡಿಸುತ್ತದೆ. ಮುಂದಿನ ವಾರವೇ ಬೇರೆ ಬಾಡಿಗೆದಾರರು ಬಂದರೆ, ಎರಡು ತಿಂಗಳ ಬಾಡಿಗೆ ಪೂರ್ತಿ ನಷ್ಟವಾಯಿತೆಂದು ಮಾಲೀಕರು ವಾದಿಸುವುದು ಕಷ್ಟ. ಬದಲಿ ಬಾಡಿಗೆದಾರರನ್ನು ಹುಡುಕಿಕೊಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಇಷ್ಟು ಸಣ್ಣ ಮೊತ್ತಕ್ಕೆ ಮಾಲೀಕರು ಕೋರ್ಟಿಗೆ ಹೋಗುತ್ತಾರಾ ಎಂದು ಅವನು ಕೇಳಬಹುದು. ಅವರಿಗೆ ಹೋಗಬೇಕಾದ ಅಗತ್ಯವೇ ಇಲ್ಲ, ಅಡ್ವಾನ್ಸ್ ಅವರ ಕೈಯಲ್ಲಿದೆ, ಅಲೆಯಬೇಕಾದವನು ಇವನು. ಪೊಲೀಸ್ ಕೇಸಾಗುತ್ತದೆಂದು ನೀವು ಹೆದರಿದ್ದೀರಿ. ಇದು ಸಿವಿಲ್ ವಿಷಯ, ನಿದ್ದೆ ಮಾಡಿ. ಮುಂದಿನ ದಿನಾಂಕದ ಚೆಕ್ ಕೊಟ್ಟಿದ್ದರೆ ಅದು ಬೌನ್ಸ್ ಆಗದಂತೆ ಮಾತ್ರ ನೋಡಿಕೊಳ್ಳಲಿ. (ಒಂದೇ ಸಲ ಲಕ್ಷಾಂತರ ಕೊಟ್ಟು ಬಾಡಿಗೆಯಿಲ್ಲದೆ ಇರುವ ಭೋಗ್ಯ ಇದಲ್ಲವಲ್ಲ? ನಮ್ಮಲ್ಲಿ ಲೀಸ್ ಎಂದರೆ ಅದೇ. ಹಾಗಾಗಿದ್ದರೆ ಇನ್ನೊಂದು ಪತ್ರ ಬರೆಯಿರಿ, ಅದರ ಕಥೆ ಬೇರೆ.)
— ವಕೀಲ, ಮಡಿಕೇರಿ

*

ನಾನು ಮಾಲೀಕರ ಕಡೆಯವಳು, ಸಿಟ್ಟಾಗಬೇಡಿ. ಪೊನ್ನಂಪೇಟೆಯಲ್ಲಿ ಕಾಲೇಜು ಹುಡುಗರಿಗೆ ಮನೆ ಬಾಡಿಗೆಗೆ ಕೊಡುತ್ತೇನೆ. ಒಂದು ಸಲ ಜೂನ್ ಕೊನೆಯಲ್ಲಿ ಹೇಳದೆ ಕೇಳದೆ ಹೋದರು, ಬೀಗದ ಕೈ ಕಿಟಕಿಯಲ್ಲಿತ್ತು. ನಮ್ಮ ಮಳೆಯಲ್ಲಿ ಮನೆ ನೋಡಲು ಯಾರು ಬರುತ್ತಾರೆ? ಸೆಪ್ಟೆಂಬರಿನಲ್ಲಿ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಬಾಗಿಲು ತೆಗೆದರೆ ಗೋಡೆಯಿಂದ ಮಂಚದವರೆಗೂ ಬೂಷ್ಟು. ಬಾಡಿಗೆ ಹೋದದ್ದಕ್ಕಿಂತ ಅದೇ ಹೊಟ್ಟೆ ಉರಿಸಿತು. ಎದುರಿಗೆ ಬಂದು, ‘ಆಂಟಿ, ಹೀಗಾಗಿದೆ’ ಎಂದ ಯಾರಿಗೂ ನಾನು ಅಡ್ವಾನ್ಸ್ ಪೂರ್ತಿ ಮುರಿದುಕೊಂಡಿಲ್ಲ.
— ಗೃಹಿಣಿ, ಪೊನ್ನಂಪೇಟೆ

*

ಆಂಟಿ, ಲೆಕ್ಕ ನಾನು ಮಾಡಿದೆ. ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿಯೋದು ಬೆಂಗಳೂರಿನ ರೂಢಿ. ಆರು ತಿಂಗಳು ಇದ್ದು ಬಿಟ್ಟರೆ 1,08,000 ವಾಪಸ್, ತಲೆಗೆ 36,000. ಈಗಲೇ ಬಿಟ್ಟರೆ ಎರಡು ತಿಂಗಳ 54,000 ಅದರಲ್ಲೇ ಹೋಗಿ ತಲೆಗೆ 18,000. ಅಂದರೆ ಬೇಗ ಬಿಡುವುದರ ಬೆಲೆ ಅವನಿಗೆ 18,000. ಹೊಸ ಮನೆಯ ಅಡ್ವಾನ್ಸ್ ಬೇರೆ. ದಿನಾ ಮೂರು ಗಂಟೆ ಬಸ್ಸಲ್ಲಿ ಕಳೆಯೋನಿಗೆ ಅದು ಕೊಡಬಹುದಾದ ದುಡ್ಡೇ ಇರಬಹುದು! ನಾನು ವೈಟ್‌ಫೀಲ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ಓಡಾಡಿ ಸಾಕಾಗಿ, ಒಂದು ತಿಂಗಳ ಬಾಡಿಗೆ ಕಳೆದುಕೊಂಡೇ ಮನೆ ಬದಲಾಯಿಸಿದೆ. ಇವತ್ತಿಗೂ ಬೇಜಾರಿಲ್ಲ. ‘ತಪ್ಪು ಮಾಡ್ತಿದೀಯ’ ಅನ್ನಬೇಡಿ, ‘ಹದಿನೆಂಟು ಸಾವಿರ ಇದೆಯಾ?’ ಅಂತ ಕೇಳಿ.

ಆದರೆ ಹೇಳದೆ ಬಾಡಿಗೆ ನಿಲ್ಲಿಸೋದು ಬೇಡ. ಆಮೇಲೆ ಮಾಲೀಕರು ಮೊಳೆ ಹೊಡೆದ ತೂತಿಗೂ ದುಡ್ಡು ಹಿಡೀತಾರೆ. ನೋಟಿಸನ್ನು ವಾಟ್ಸಾಪ್, ಇಮೇಲ್ ಎರಡರಲ್ಲೂ ಕಳಿಸಲಿ. ಖಾಲಿ ಮಾಡುವ ದಿನ ಪ್ರತಿ ರೂಮಿನ ವಿಡಿಯೊ, ಕರೆಂಟ್ ಮೀಟರಿನ ಫೋಟೊ ತೆಗೆದಿಟ್ಟುಕೊಳ್ಳಲಿ. ಕೀ ತಲುಪಿದೆ ಅಂತ ಒಂದು ಸಾಲು ಬರೆಸಿಕೊಳ್ಳಲಿ.
— ವಿರಾಜಪೇಟೆಯವಳು, ಸದ್ಯ ಬೆಂಗಳೂರು

*

ಹುಡುಗನ ಅಪ್ಪನಿಗೆ ಒಂದು ಮಾತು. ಕಾಫಿ ದುಡ್ಡು ತೆಗೆಯಬೇಡಿ. ನಾನು ತೆಗೆದೆ, ಎರಡು ಸಲ. ಮೂರನೇ ಮನೆ ಬಿಡುವಾಗ ಮಗ ನನಗೆ ಹೇಳಲೂ ಇಲ್ಲ, ಮಾಲೀಕರಿಗೆ ನೇರ ನನ್ನ ನಂಬರ್ ಕೊಟ್ಟಿದ್ದ.
— ನಾಪೋಕ್ಲಿನಿಂದ ಒಬ್ಬ ಅಪ್ಪ